ಕಾರಿನ ಕಪ್ಪು ಗಾಜು: ಟೆಕ್ಸಾಸ್‌ನಲ್ಲಿ ಸರಿ, ಕ್ಯಾಲಿಫೋರ್ನಿಯಾದಲ್ಲಿ ತಪ್ಪು

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ಕಾರಿನ ಗಾಜಿಗೆ ಅಂಟಿಸುವ ಫಿಲ್ಮ್, ಅಂದರೆ ನಮ್ಮೂರಿನ ಕೂಲಿಂಗ್ ಪೇಪರ್, ಅಮೆರಿಕದಲ್ಲಿರುವ ನಮ್ಮವರ ಟಿಂಟ್. ಬಹುಪಾಲು ಪತ್ರಗಳು ಬಂದಿರುವುದು ಅಲ್ಲಿಂದಲೇ, ಇಲ್ಲವೇ ಅಲ್ಲಿ ಮಕ್ಕಳಿರುವ ಅಪ್ಪ ಅಮ್ಮಂದಿರಿಂದ. ಹಾಗಾಗಿ ಈ ತಿಂಗಳು ಎಂಜಿನ್ ಆಯಿಲ್, ಮೈಲೇಜ್ ಎಲ್ಲ ಬದಿಗಿಟ್ಟು ಇದನ್ನೇ ನೋಡೋಣ.

ಮೊದಲು ಒಂದು ವಿಷಯ ತಲೆಯಲ್ಲಿಟ್ಟುಕೊಳ್ಳಿ. ಕೆಳಗೆ ಬರುವ 70, 35, 25 ಎಲ್ಲವೂ ಗಾಜು ದಾಟಿ ಒಳಗೆ ಬರುವ ಬೆಳಕಿನ ಶೇಕಡಾ ಲೆಕ್ಕ. ವಿಎಲ್‌ಟಿ ಅನ್ನುವುದು ಇದನ್ನೇ. ಸಂಖ್ಯೆ ಸಣ್ಣದಾದಷ್ಟೂ ಗಾಜು ಕಪ್ಪು. ಇದನ್ನು ಉಲ್ಟಾ ಓದಿಕೊಂಡು ಅಂಗಡಿಯಲ್ಲಿ ಆರ್ಡರ್ ಕೊಟ್ಟವರು ಇದ್ದಾರೆ.

ಪ್ರಶ್ನೆ: ನಾವು ಆರು ವರ್ಷ ಟೆಕ್ಸಾಸ್‌ನ ಡಲ್ಲಾಸ್ ಪಕ್ಕದ ಪ್ಲೇನೋದಲ್ಲಿದ್ದೆವು. ಬಿಸಿಲು ತಡೆಯಲಾಗದೆ ಕಾರಿನ ನಾಲ್ಕೂ ಕಿಟಕಿಗೆ ಟಿಂಟ್ ಹಾಕಿಸಿದ್ದೆವು. ಅಂಗಡಿಯವನು ಲೀಗಲ್ ಅಂತಲೇ ಹಾಕಿದ್ದು, ಆರು ವರ್ಷ ಯಾರೂ ಕೇಳಲಿಲ್ಲ. ಈಗ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಗೆ ಬಂದಿದ್ದೇವೆ. ಇಲ್ಲಿನ ಸ್ನೇಹಿತರು ನೋಡಿದ ತಕ್ಷಣ "ಅಯ್ಯೋ, ಇದನ್ನು ತೆಗೆಸಿ" ಅನ್ನುತ್ತಿದ್ದಾರೆ. ಒಂದೇ ದೇಶ ಅಲ್ವಾ? ಒಂದು ಕಡೆ ಸರಿ ಇದ್ದದ್ದು ಇನ್ನೊಂದು ಕಡೆ ತಪ್ಪು ಹೇಗೆ?

ನಿಮ್ಮ ಸ್ನೇಹಿತರು ಹೇಳಿದ್ದು ಸರಿ. ಆದರೆ ಪೂರ್ತಿ ತೆಗೆಸಬೇಕಾಗಿಲ್ಲ, ಮುಂದಿನ ಎರಡು ಕಿಟಕಿಯದು ತೆಗೆಸಿದರೆ ಸಾಕು.

ಒಂದೇ ದೇಶ ನಿಜ, ಆದರೆ ಕೆಲಸ ಹಂಚಿಹೋಗಿದೆ. ಹೊಸ ಕಾರಿಗೆ ಎಂಥ ಗಾಜು ಕೂರಿಸಬೇಕು ಅನ್ನುವುದು ಕೇಂದ್ರದ ನಿಯಮ. ಚಾಲಕನಿಗೆ ರಸ್ತೆ ಕಾಣಲು ಬೇಕಾದ ಗಾಜಿನಲ್ಲಿ ಕನಿಷ್ಠ 70 ಭಾಗ ಬೆಳಕು ಹಾಯಬೇಕು ಅಂತ ಅದು ಕಾರು ಮಾಡುವವರಿಗೆ ಹೇಳುತ್ತದೆ. ಕಾರು ನಿಮ್ಮ ಕೈಗೆ ಬಂದ ಮೇಲೆ ನೀವು ಅದರ ಮೇಲೆ ಏನು ಅಂಟಿಸಿಕೊಂಡು ರಸ್ತೆಗೆ ಇಳಿಯುತ್ತೀರಿ ಅನ್ನುವುದು ರಾಜ್ಯಗಳಿಗೆ ಬಿಟ್ಟ ವಿಷಯ. ಒಂದೊಂದು ರಾಜ್ಯದ ಶಾಸನಸಭೆ ತನಗೆ ತೋಚಿದ ಕಡೆ ಗೆರೆ ಎಳೆದಿದೆ.

ಟೆಕ್ಸಾಸ್‌ನಲ್ಲಿ ಮುಂದಿನ ಪಕ್ಕದ ಕಿಟಕಿಗೆ 25 ಸಾಕು. ಹಿಂದಿನ ಪಕ್ಕದ ಕಿಟಕಿ ಎಷ್ಟು ಕಪ್ಪಿದ್ದರೂ ಸರಿ. ಕ್ಯಾಲಿಫೋರ್ನಿಯಾದಲ್ಲೂ ಹಿಂದಿನ ಕಿಟಕಿಗಳು ಎಷ್ಟು ಕಪ್ಪಿದ್ದರೂ ತಕರಾರಿಲ್ಲ, ಎರಡೂ ಕಡೆ ಹೊರಗನ್ನಡಿ ಇದ್ದರೆ ಆಯಿತು. ಜಗಳ ಇರುವುದು ಮುಂದಿನ ಕಿಟಕಿಗಳಿಗೆ ಮಾತ್ರ. ಅಲ್ಲಿ 70 ಬೇಕು.

ಬಿಸಿಲು ಜಾಸ್ತಿ ಇರುವ ಕಡೆ ಕಪ್ಪು ಗಾಜಿಗೆ ಬಿಟ್ಟಿರುತ್ತಾರೆ ಅಂತ ನೀವು ಅಂದುಕೊಳ್ಳಬಹುದು. ಅರಿಜೋನಾ ನೋಡಿದರೆ ಹಾಗೇ ಅನಿಸುತ್ತದೆ, ಅಲ್ಲಿ ಮುಂದಿನ ಕಿಟಕಿಗೆ 33. ನ್ಯೂ ಮೆಕ್ಸಿಕೋದಲ್ಲಿ 20. ಆದರೆ ಪಾಮ್ ಸ್ಪ್ರಿಂಗ್ಸ್‌ನಂಥ ಮರುಭೂಮಿ ಊರುಗಳನ್ನು ಹೊಟ್ಟೆಯಲ್ಲಿಟ್ಟುಕೊಂಡಿರುವ ಕ್ಯಾಲಿಫೋರ್ನಿಯಾ 70 ಅನ್ನುತ್ತದೆ, ವರ್ಷದಲ್ಲಿ ಅರ್ಧ ದಿನ ಮೋಡ ಮುಸುಕಿಕೊಂಡಿರುವ ಸಿಯಾಟಲ್ ಇರುವ ವಾಷಿಂಗ್ಟನ್ ರಾಜ್ಯ 24ಕ್ಕೆ ಒಪ್ಪುತ್ತದೆ. ಇದರಲ್ಲಿ ಹವಾಮಾನದ ತರ್ಕ ಹುಡುಕಬೇಡಿ, ಸಿಗುವುದಿಲ್ಲ. ನನಗೆ ಕಾಣುವಂತೆ ಇದು ಎರಡು ಕಡೆಯ ಎಳೆದಾಟ. ಒಂದು ಕಡೆ ಬಿಸಿಲು ಬೇಡ ಅನ್ನುವ ಜನ ಮತ್ತು ಫಿಲ್ಮ್ ಹಾಕುವ ಅಂಗಡಿಗಳು, ಇನ್ನೊಂದು ಕಡೆ ನಿಲ್ಲಿಸಿದ ಕಾರಿನ ಹತ್ತಿರ ನಡೆದುಹೋಗುವಾಗ ಒಳಗಿರುವವರ ಕೈ ಕಾಣಬೇಕು ಅನ್ನುವ ಪೊಲೀಸರು. ಯಾವ ರಾಜ್ಯದಲ್ಲಿ ಯಾರ ಮಾತು ನಡೆಯಿತೋ ಅಲ್ಲಿನ ಸಂಖ್ಯೆ ಹಾಗಾಯಿತು.

ಇನ್ನು ಅಂಗಡಿಯವನ ಲೆಕ್ಕ ನೋಡಿ. ಕಾರ್ಖಾನೆಯಿಂದ ಬಂದ ಗಾಜು ಪೂರ್ತಿ ತಿಳಿಯಾಗಿ ಇರುವುದಿಲ್ಲ, ಅದೇ ಸ್ವಲ್ಪ ಬೆಳಕು ತಿನ್ನುತ್ತದೆ. ನಿಮ್ಮ ಗಾಜು 75 ಬಿಡುತ್ತದೆ ಅಂದುಕೊಳ್ಳಿ. ಅದರ ಮೇಲೆ 35ರ ಫಿಲ್ಮ್ ಹಾಕಿದರೆ ಉಳಿಯುವುದು 75ರಲ್ಲಿ ಶೇಕಡಾ 35, ಅಂದರೆ 26. ಟೆಕ್ಸಾಸ್‌ನಲ್ಲಿ ಕೂದಲೆಳೆಯಲ್ಲಿ ಪಾಸ್. ಅದಕ್ಕೇ ಅಲ್ಲಿನ ಒಳ್ಳೆಯ ಅಂಗಡಿಯವರು 25 ಬೇಕು ಅಂದವರಿಗೆ 35ರ ಫಿಲ್ಮ್ ಹಾಕುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಇದೇ ಲೆಕ್ಕ ಜನರನ್ನು ಬೀಳಿಸುತ್ತದೆ. "70 ಫಿಲ್ಮ್ ಹಾಕಿಸಿ ಸಾರ್, ಲೀಗಲ್" ಅಂತ ಹೇಳುವವರು ಸಿಗುತ್ತಾರೆ. 75ರ ಗಾಜಿನ ಮೇಲೆ 70ರ ಫಿಲ್ಮ್ ಅಂದರೆ 52 ಆಯಿತು. ಪೊಲೀಸರ ಮೀಟರ್ ಅಳೆಯುವುದು ಗಾಜು ಮತ್ತು ಫಿಲ್ಮ್ ಎರಡನ್ನೂ ಸೇರಿಸಿ, ಫಿಲ್ಮಿನ ಡಬ್ಬದ ಮೇಲೆ ಬರೆದದ್ದನ್ನಲ್ಲ. ಕ್ಯಾಲಿಫೋರ್ನಿಯಾ ಮುಂದಿನ ಕಿಟಕಿಗೆ ಬಿಡುವ ಫಿಲ್ಮ್ ಬಣ್ಣವೇ ಇಲ್ಲದ ತಿಳಿ ಫಿಲ್ಮ್, ಅದರಲ್ಲಿ ಕನಿಷ್ಠ 88 ಭಾಗ ಬೆಳಕು ಹಾಯಬೇಕು.

ಕ್ಯಾಲಿಫೋರ್ನಿಯಾದ ರಿಜಿಸ್ಟ್ರೇಷನ್‌ನಲ್ಲಾಗಲಿ ಸ್ಮಾಗ್ ಟೆಸ್ಟ್ ಅನ್ನುವ ಹೊಗೆ ತಪಾಸಣೆಯಲ್ಲಾಗಲಿ ಟಿಂಟ್ ನೋಡುವುದಿಲ್ಲ, ಹಾಗಾಗಿ ಬಂದ ಹೊಸದರಲ್ಲಿ ಎಲ್ಲ ಸರಿ ಇದೆ ಅನಿಸುತ್ತದೆ. ಸಿಕ್ಕಿಬೀಳುವುದು ರಸ್ತೆಯಲ್ಲಿ. ಸಾಮಾನ್ಯವಾಗಿ ಮೊದಲ ಸಲ ಕೊಡುವುದು ಫಿಕ್ಸ್-ಇಟ್ ಟಿಕೆಟ್. ಫಿಲ್ಮ್ ಕಿತ್ತು, ಸರಿಪಡಿಸಿದ್ದಕ್ಕೆ ಸಹಿ ಹಾಕಿಸಿಕೊಂಡು ಕೊಟ್ಟರೆ 25 ಡಾಲರ್‌ನಲ್ಲಿ ಮುಗಿಯುತ್ತದೆ. ಸುಮ್ನೆ ಡ್ರಾಯರ್‌ನಲ್ಲಿಟ್ಟು ಮರೆತರೆ ಅದು ಬೆಳೆಯುತ್ತದೆ.

ಸೆಕೆಯ ಬಗ್ಗೆ ಒಂದು ಮಾತು. ನೀವು ಕಪ್ಪನ್ನೂ ತಂಪನ್ನೂ ಒಂದೇ ಅಂತ ತಿಳಿದಿದ್ದೀರಿ, ತುಂಬಾ ಜನ ತಿಳಿದಿದ್ದಾರೆ. ಬಿಸಿಲಿನ ಶಾಖದಲ್ಲಿ ಹತ್ತಿರ ಹತ್ತಿರ ಅರ್ಧ ಬರುವುದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್‌ನಿಂದ. ಅಗ್ಗದ ಬಣ್ಣದ ಫಿಲ್ಮ್ ಕಾಣುವ ಬೆಳಕನ್ನು ತಡೆಯುತ್ತದೆ, ಇನ್‌ಫ್ರಾರೆಡ್ಡನ್ನು ಅಷ್ಟಾಗಿ ತಡೆಯುವುದಿಲ್ಲ. ಕಾರು ಕಪ್ಪಗೆ ಕಾಣುತ್ತದೆ, ಒಳಗೆ ಬೆವರು ಹಾಗೇ ಇರುತ್ತದೆ. ಒಳ್ಳೆಯ ಸೆರಾಮಿಕ್ ಫಿಲ್ಮ್ ಇದರ ಉಲ್ಟಾ, ತೆಳು ಬಣ್ಣದಲ್ಲೇ ಶಾಖ ತಡೆಯುತ್ತದೆ. ದುಡ್ಡು ಜಾಸ್ತಿ. ಹಿಂದಿನ ಕಿಟಕಿಗಳಿಗೆ ಅದನ್ನು ಹಾಕಿಸಿ, ಕಾರು ನಿಲ್ಲಿಸಿದಾಗ ಮುಂದಿನ ದೊಡ್ಡ ಗಾಜಿಗೆ ಬೆಳ್ಳಿ ಬಣ್ಣದ ಪರದೆ ಇಡಿ. ಸ್ಯಾನ್ ಹೋಸೆಗೆ ಅಷ್ಟು ಧಾರಾಳ ಸಾಕು, ಅದೇನು ಡಲ್ಲಾಸ್ ಅಲ್ಲ.

ಪ್ರಶ್ನೆ: ನನ್ನ ಮಗಳು ನ್ಯೂ ಜೆರ್ಸಿಯ ಎಡಿಸನ್‌ನಲ್ಲಿದ್ದಾಳೆ. ಎಂಟು ತಿಂಗಳ ಮೊಮ್ಮಗ ಹಿಂದಿನ ಸೀಟಿನಲ್ಲಿ ಕೂತರೆ ಮುಖಕ್ಕೆ ಬಿಸಿಲು ಬಿದ್ದು ಅಳುತ್ತಾನೆ. ಕೂಲಿಂಗ್ ಪೇಪರ್ ಹಾಕಿಸಮ್ಮಾ ಅಂದರೆ "ಇಲ್ಲಿ ಬಿಡಲ್ಲ" ಅನ್ನುತ್ತಾಳೆ. ಅಳಿಯಂದಿರು ಬಿಡುತ್ತಾರೆ ಅನ್ನುತ್ತಾರೆ. ಮುಂದಿನ ತಿಂಗಳು ಹೋಗುತ್ತಿದ್ದೇನೆ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದು ರೋಲ್ ಕೊಂಡು ಒಯ್ಯಲೇ? — ಮೈಸೂರಿನಿಂದ ಒಬ್ಬ ಅಜ್ಜಿ

ಅಮ್ಮಾ, ಮಗಳು ಅಳಿಯ ಇಬ್ಬರೂ ಸರಿ. ನ್ಯೂ ಜೆರ್ಸಿಯಲ್ಲಿ ಮುಂದಿನ ಕಿಟಕಿಗಳಿಗೆ ಹೊರಗಿನಿಂದ ತಂದ ಫಿಲ್ಮ್ ಅಂಟಿಸುವಂತೆಯೇ ಇಲ್ಲ, ಇಷ್ಟು ಅಷ್ಟು ಅನ್ನುವ ಲೆಕ್ಕವೇ ಇಲ್ಲ. ಮಗು ಕೂರುವುದು ಹಿಂದೆ. ಅಲ್ಲಿ ಎಷ್ಟು ಕಪ್ಪಾದರೂ ಬಿಡುತ್ತಾರೆ. 2022ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಮುಂದೆ ಒಂದು ಕೇಸ್ ಬಂದಿತ್ತು. ಹಿಂದಿನ ಗಾಜು ಕಪ್ಪಾಗಿದೆ ಅಂತ ಪೊಲೀಸರು ಒಂದು ಕಾರು ನಿಲ್ಲಿಸಿದ್ದರು. ಆ ಕಾಯ್ದೆ ಇರುವುದು ಮುಂದಿನ ಗಾಜು ಮತ್ತು ಮುಂದಿನ ಪಕ್ಕದ ಕಿಟಕಿಗಳಿಗೆ, ಹಿಂದಿನ ಗಾಜಿನ ಕಾರಣ ಹೇಳಿ ನಿಲ್ಲಿಸಿದ್ದು ಸರಿಯಲ್ಲ ಅಂತ ಕೋರ್ಟ್ ಹೇಳಿತು.

ಜೆ.ಸಿ. ರಸ್ತೆಯ ರೋಲ್ ಮಾತ್ರ ಬೇಡ. ಅದನ್ನು ಹಾಕಲು ಕೈ ಪಳಗಿರಬೇಕು, ಮನೆಯಲ್ಲಿ ಅಂಟಿಸಿದರೆ ಗುಳ್ಳೆ ಎದ್ದು ಮಗಳು ನಿಮ್ಮನ್ನೇ ಬೈಯುತ್ತಾಳೆ. ಅಲ್ಲಿ ಬಾಗಿಲಿನ ಚೌಕಟ್ಟಿಗೇ ದಿಂಬಿನ ಕವರ್ ತರಹ ತೊಡಿಸುವ ಬಲೆಯ ಪರದೆ ಸಿಗುತ್ತದೆ. ಬೇಕಾದಾಗ ತೆಗೆಯಬಹುದು, ಮಗು ಇರುವ ಕಡೆಗೆ ಒಂದು ಸಾಕು. ನಿಮ್ಮ ಸೂಟ್‌ಕೇಸಿನಲ್ಲಿ ಆ ಜಾಗಕ್ಕೆ ಹುಳಿಪುಡಿ, ರಾಗಿ ಹಿಟ್ಟು ತುಂಬಿ.

ಪ್ರಶ್ನೆ: ಅಟ್ಲಾಂಟಾದಿಂದ ಕನ್ನಡ ಕೂಟದ ಕಾರ್ಯಕ್ರಮಕ್ಕೆ ನ್ಯೂ ಜೆರ್ಸಿಗೆ ಕಾರಿನಲ್ಲೇ ಹೋಗುವ ಯೋಚನೆ ಇದೆ, ಎರಡು ಕುಟುಂಬ, ಒಂದು ವ್ಯಾನ್. ಜಾರ್ಜಿಯಾದ ಕಾನೂನಿನ ಪ್ರಕಾರ ನಮ್ಮ ಟಿಂಟ್ ಸರಿಯಾಗಿದೆ, 32. ದಾರಿಯಲ್ಲಿ ಯಾರಾದರೂ ಹಿಡಿಯುತ್ತಾರಾ? ನಮ್ಮ ನಂಬರ್ ಪ್ಲೇಟ್ ಜಾರ್ಜಿಯಾದ್ದು ಅಂದರೆ ಜಾರ್ಜಿಯಾದ ಕಾನೂನೇ ಲೆಕ್ಕಕ್ಕೆ ಬರಬೇಕಲ್ಲವೇ?

ಬರಬೇಕು ಅಂತ ನನಗೂ ಅನಿಸುತ್ತದೆ. ಬರುತ್ತದೆ ಅನ್ನುವ ಭರವಸೆ ಇಲ್ಲ. ಯಾವ ರಸ್ತೆಯಲ್ಲಿ ಚಕ್ರ ಉರುಳುತ್ತಿದೆಯೋ ಆ ರಾಜ್ಯದ ಪೊಲೀಸರು ತಮ್ಮ ಕಾನೂನು ಹೇಳಬಹುದು. ಕೆಲವು ರಾಜ್ಯಗಳು ಹೊರಗಿನ ಕಾರಿಗೆ ವಿನಾಯಿತಿ ಬರೆದಿಟ್ಟಿವೆ, ಕೆಲವು ಇಟ್ಟಿಲ್ಲ, ಎಲ್ಲರೂ ಒಪ್ಪಿದ ಒಂದು ನಿಯಮ ಇಲ್ಲ.

ಇದರಲ್ಲಿ ನಿಮ್ಮ ಜಾರ್ಜಿಯಾದ್ದೇ ಒಂದು ಮಜವಾದ ಕಥೆ ಇದೆ. ಅಲ್ಲಿನ ಹಳೆಯ ಟಿಂಟ್ ಕಾಯ್ದೆ ಜಾರ್ಜಿಯಾ ನಿವಾಸಿಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಹೊರಗಿನವರು ಎಷ್ಟು ಕಪ್ಪು ಗಾಜಿನಲ್ಲಿ ಬಂದರೂ ಕೇಳುವ ಹಾಗಿರಲಿಲ್ಲ. ಅತಿಥಿಗಳಿಗೆ ಮರ್ಯಾದೆ ಅಂತ ಇಟ್ಟಿರಬೇಕು. 2004ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಇದು ಸಮಾನತೆಗೆ ವಿರುದ್ಧ ಅಂತ ಆ ಕಾಯ್ದೆಯನ್ನೇ ತಳ್ಳಿಹಾಕಿತು. ಕಪ್ಪು ಗಾಜಿನಿಂದ ಪೊಲೀಸರಿಗೆ ಅಪಾಯ ಅನ್ನುವುದೇ ಕಾಯ್ದೆಗೆ ಕಾರಣವಾದರೆ ಆ ಅಪಾಯ ಪಕ್ಕದ ರಾಜ್ಯದ ಕಾರಿನಿಂದಲೂ ಅಷ್ಟೇ ಅಲ್ವಾ? ಆಮೇಲೆ ಶಾಸನಸಭೆ ಅದನ್ನು ತಿದ್ದಿ ಬರೆಯಿತು. ಊರಿನವರಿಗೊಂದು, ಹೊರಗಿನವರಿಗೊಂದು ಅಂತ ಮಾಡುವುದು ಸುಲಭ ಅಲ್ಲ ಅನ್ನುವುದಕ್ಕೆ ಇದನ್ನು ಹೇಳಿದೆ.

ಈಗ ನಿಮ್ಮ ದಾರಿ. ದಕ್ಷಿಣ ಕೆರೊಲಿನಾದಲ್ಲಿ 27, ನಿಮಗೆ ಚಿಂತೆಯೇ ಇಲ್ಲ. ಉತ್ತರ ಕೆರೊಲಿನಾದಲ್ಲಿ 35, ಆದರೆ ಅಳತೆಯಲ್ಲಿ ಮೂರರಷ್ಟು ಬಿಟ್ಟುಕೊಡುತ್ತಾರೆ, ನೀವು ಸರಿಯಾಗಿ ಗೆರೆಯ ಮೇಲೆ ನಿಂತಿರುತ್ತೀರಿ. ವರ್ಜೀನಿಯಾಗೆ ಕಾಲಿಟ್ಟಾಗ ಮುಂದಿನ ಕಿಟಕಿಗೆ 50 ಬೇಕು, ಅಲ್ಲಿ ನಿಮ್ಮ ಗಾಜು ಖಂಡಿತ ಕಪ್ಪು. ಆದರೆ 2021ರ ಮಾರ್ಚ್‌ನಿಂದ ವರ್ಜೀನಿಯಾ ಪೊಲೀಸರು ಬರೀ ಟಿಂಟ್ ಕಾರಣಕ್ಕೆ ಗಾಡಿ ನಿಲ್ಲಿಸುವ ಹಾಗಿಲ್ಲ. ಸ್ಪೀಡಿಗೆ ನಿಲ್ಲಿಸಿದರೆ ಮಾತ್ರ ಎಲ್ಲ ಮಾತೂ ಬರುತ್ತದೆ, ಅಲ್ಲಿನ ಸ್ಪೀಡ್ ಕೇಸ್‌ಗಳು ತಮಾಷೆ ಅಲ್ಲ, ನಿಧಾನಕ್ಕೆ ಹೋಗಿ. ಮೇರಿಲ್ಯಾಂಡ್‌ನಲ್ಲಿ ಮತ್ತೆ 35. ಆಮೇಲೆ ಡೆಲವೇರ್ ಅಂತ ಒಂದು ಚಿಕ್ಕ ರಾಜ್ಯ, ಊಟದ ಡಬ್ಬ ತೆಗೆದು ಮುಚ್ಚುವುದರೊಳಗೆ ಮುಗಿದುಹೋಗುತ್ತದೆ, ಅಲ್ಲಿ 70. ಕೊನೆಗೆ ನ್ಯೂ ಜೆರ್ಸಿ, ಮೇಲೆ ಅಜ್ಜಿಗೆ ಹೇಳಿದಂತೆ ಮುಂದೆ ಫಿಲ್ಮೇ ಬೇಡ ಅನ್ನುವ ರಾಜ್ಯ. ಅಂದರೆ ಒಂದೇ ಪ್ರಯಾಣದಲ್ಲಿ, ಏನೂ ಮಾಡದೆ ನೀವು ಮೊದಲು ಸರಿ, ಆಮೇಲೆ ಗೆರೆಯ ಮೇಲೆ, ಕೊನೆಗೆ ತಪ್ಪು ಆಗಿಬಿಡುತ್ತೀರಿ.

ಇದಕ್ಕೆ ಹೆದರಿ ಪ್ರಯಾಣ ಬಿಡಬೇಡಿ. ಹೊರಗಿನ ಪ್ಲೇಟಿನ ಕುಟುಂಬದ ವ್ಯಾನ್ ನೋಡಿ ಟಿಂಟ್ ಮೀಟರ್ ತೆಗೆಯುವಷ್ಟು ಬಿಡುವು ಹೆಚ್ಚಿನ ಪೊಲೀಸರಿಗೆ ಇರುವುದಿಲ್ಲ. ನಿಲ್ಲಿಸಿದರೆ ಏನು ಮಾಡಬೇಕು ಅನ್ನುವುದು ಗೊತ್ತಿರಲಿ. ಇದನ್ನು ವ್ಯಾನಿನಲ್ಲಿ ಬರುವ ಹಿರಿಯರಿಗೂ ಹೇಳಿ. ನಮ್ಮಲ್ಲಿ ಪೊಲೀಸ್ ಕೈ ತೋರಿಸಿದರೆ ಡ್ರೈವರ್ ಇಳಿದು, ಆರ್‌ಸಿ, ಇನ್ಶೂರೆನ್ಸ್ ಹಿಡಿದು ಸಾಹೇಬರ ಹತ್ತಿರ ಹೋಗುವುದು ಅಭ್ಯಾಸ, ಅದೇ ಮರ್ಯಾದೆ ಕೂಡ. ಅಮೆರಿಕದಲ್ಲಿ ಅದನ್ನು ಮಾಡಲೇಬಾರದು. ಕೂತಲ್ಲೇ ಇರಿ. ನಾಲ್ಕೂ ಕಿಟಕಿ ಕೆಳಗಿಳಿಸಿ, ರಾತ್ರಿಯಾದರೆ ಒಳಗಿನ ದೀಪ ಹಾಕಿ, ಎರಡು ಕೈ ಸ್ಟೀರಿಂಗ್ ಮೇಲೆ ಕಾಣುವ ಹಾಗೆ ಇಟ್ಟುಕೊಳ್ಳಿ. ಕಪ್ಪು ಗಾಜಿನ ಬಗ್ಗೆ ಪೊಲೀಸರಿಗಿರುವ ಸಿಟ್ಟಿನಲ್ಲಿ ಅರ್ಧ ಇಳಿಯುವುದು ಗಾಜು ಇಳಿಸಿದಾಗಲೇ.

ಪ್ರಶ್ನೆ: ಅರಿಜೋನಾದ ಟೆಂಪಿಯಲ್ಲಿ ಎಂಎಸ್ ಮುಗಿಸಿದೆ, ನ್ಯೂಯಾರ್ಕ್ ರಾಜ್ಯದ ಬಫಲೋದಲ್ಲಿ ಕೆಲಸ ಸಿಕ್ಕಿದೆ. ಸೀನಿಯರ್ ಒಬ್ಬರು ತಮ್ಮ ಸೆಡಾನ್ ಕೊಡುತ್ತೇನೆ ಅನ್ನುತ್ತಿದ್ದಾರೆ, ಎಲ್ಲ ಕಿಟಕಿಗೂ ಟಿಂಟ್ ಇದೆ. ತೆಗೆದುಕೊಳ್ಳಬಹುದಾ?

ಕೆಲಸಕ್ಕೆ ಅಭಿನಂದನೆ. ಕಾರು ತೆಗೆದುಕೊಳ್ಳಿ, ಟಿಂಟ್ ತೆಗೆಸುವ ಖರ್ಚನ್ನು ಬೆಲೆಯಲ್ಲಿ ಕಳೆಯಲು ಹೇಳಿ.

ನ್ಯೂಯಾರ್ಕ್ ರಾಜ್ಯ ಈ ವಿಷಯದಲ್ಲಿ ತುಂಬಾ ಬಿಗಿ. ಮುಂದಿನ ಕಿಟಕಿ 70, ಸೆಡಾನ್ ಆದರೆ ಹಿಂದಿನ ಪಕ್ಕದ ಕಿಟಕಿಯೂ 70. ಹಿಂದಿನ ದೊಡ್ಡ ಗಾಜೊಂದು ಎಷ್ಟು ಕಪ್ಪಿದ್ದರೂ ಸರಿ, ಎರಡೂ ಕಡೆ ಹೊರಗನ್ನಡಿ ಇರಬೇಕು. ಕ್ಯಾಲಿಫೋರ್ನಿಯಾದಂತೆ ರಸ್ತೆಯಲ್ಲಿ ಸಿಕ್ಕಿಬಿದ್ದರೆ ನೋಡೋಣ ಅನ್ನುವ ಹಾಗೂ ಇಲ್ಲ. 2017ರ ಜನವರಿಯಿಂದ ಅಲ್ಲಿ ವರ್ಷಕ್ಕೊಮ್ಮೆ ಮಾಡಿಸುವ ಇನ್‌ಸ್ಪೆಕ್ಷನ್‌ನಲ್ಲೇ ಗಾಜು ಅಳೆಯುತ್ತಾರೆ. ಕಪ್ಪಿದ್ದರೆ ಫೇಲ್.

"ಎಸ್‌ಯುವಿಗಳ ಹಿಂದಿನ ಗಾಜು ಕಪ್ಪಗೇ ಇರುತ್ತಲ್ಲ, ಅವರಿಗೆ ಯಾಕಿಲ್ಲ?" ಅಂತ ಆಮೇಲೆ ಕೇಳುತ್ತೀರಿ, ಈಗಲೇ ಹೇಳುತ್ತೇನೆ. ಕೇಂದ್ರದ ನಿಯಮದಲ್ಲಿ ಸೆಡಾನ್ ಒಂದು ಜಾತಿ, ಎಸ್‌ಯುವಿ, ವ್ಯಾನ್, ಪಿಕಪ್ ಇನ್ನೊಂದು ಜಾತಿ. ಎರಡನೆಯದರಲ್ಲಿ ಡ್ರೈವರ್‌ನ ಹಿಂದಿನ ಗಾಜು ಕಾರ್ಖಾನೆಯಲ್ಲೇ ಕಪ್ಪಿರಬಹುದು. ಗಾಜಿನ ಕೆಳಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಎಎಸ್ 1, ಎಎಸ್ 2, ಎಎಸ್ 3 ಅಂತ ಬರೆದಿರುತ್ತದೆ, ನೋಡಿ. ಎಎಸ್ 3 ಅಂದರೆ ಅದು 70ಕ್ಕಿಂತ ಕಡಿಮೆ ಇರಬಹುದಾದ ಗಾಜು. ನ್ಯೂಯಾರ್ಕ್ ಇದೇ ಭೇದವನ್ನು ತನ್ನ ಕಾಯ್ದೆಯಲ್ಲೂ ಇಟ್ಟುಕೊಂಡಿದೆ. ಸೆಡಾನಿನ ಹಿಂದಿನ ಸೀಟಿನಲ್ಲಿ ಕೂತವರಿಗೆ ಬಿಸಿಲು ತಾಗುವುದಿಲ್ಲ ಅಂತ ಅಂದುಕೊಂಡಿದ್ದಾರೋ ಏನೋ.

ಫಿಲ್ಮ್ ತೆಗೆಸುವುದಾದರೆ ಹೊರಡುವ ಮೊದಲೇ, ಅರಿಜೋನಾದ ಬಿಸಿಲಿನಲ್ಲೇ ತೆಗೆಸಿ. ಗಾಜು ಬಿಸಿ ಇದ್ದರೆ ಅಂಟು ಸಡಿಲಾಗಿ ಹಾಳೆಯಂತೆ ಬರುತ್ತದೆ. ಬಫಲೋದ ಹಿಮದಲ್ಲಿ ಅದು ಚೂರು ಚೂರಾಗಿ ಕಿತ್ತು ಬರುತ್ತದೆ, ಅಂಟು ಗಾಜಿನ ಮೇಲೇ ಉಳಿಯುತ್ತದೆ. ಹಿಂದಿನ ದೊಡ್ಡ ಗಾಜನ್ನು ಮಾತ್ರ ಮುಟ್ಟಬೇಡಿ. ಅದರಲ್ಲಿರುವ ಸಣ್ಣ ಗೆರೆಗಳು ಮಂಜು ಕರಗಿಸುವ ತಂತಿಗಳು, ಬ್ಲೇಡ್ ತಾಗಿದರೆ ಹೋಯಿತು. ಬಫಲೋದಲ್ಲಿ ನಿಮಗೆ ಟಿಂಟ್‌ಗಿಂತ ಆ ತಂತಿ ಬೇಕಾಗುತ್ತದೆ.

ಪ್ರಶ್ನೆ: ನನಗೆ ಲೂಪಸ್ ಇದೆ, ಬಿಸಿಲು ಬಿದ್ದರೆ ಚರ್ಮ ಕೆರಳುತ್ತದೆ. ಡೆಟ್ರಾಯಿಟ್ ಹತ್ತಿರ ಇದ್ದೇನೆ. ಡಾಕ್ಟರ್ ಚೀಟಿ ಇದ್ದರೆ ಎಲ್ಲ ರಾಜ್ಯಗಳಲ್ಲೂ ನಡೆಯುತ್ತದಾ?

ನೀವಿರುವ ಮಿಶಿಗನ್‌ನಲ್ಲಿ ನಡೆಯುತ್ತದೆ. ಅಲ್ಲಿ ಸಾಮಾನ್ಯ ಜನರಿಗೆ ಮುಂದಿನ ಕಿಟಕಿಯ ಮೇಲಿನ ನಾಲ್ಕು ಇಂಚಿಗೆ ಮಾತ್ರ ಟಿಂಟ್ ಬಿಡುತ್ತಾರೆ. ಬೆಳಕು ತಡೆಯದ ಕಾಯಿಲೆ ಇದ್ದವರು ಡಾಕ್ಟರ್ ಇಲ್ಲವೇ ಕಣ್ಣು ಪರೀಕ್ಷಿಸುವ ಆಪ್ಟೊಮೆಟ್ರಿಸ್ಟ್ ಸಹಿ ಮಾಡಿದ ಪತ್ರ ಕಾರಿನಲ್ಲಿಟ್ಟುಕೊಂಡರೆ ಪೂರ್ತಿ ಹಾಕಿಸಬಹುದು. ಮನೆಯ ಬೀರುವಿನಲ್ಲಲ್ಲ, ಕಾರಿನಲ್ಲೇ ಇರಬೇಕು.

ಆದರೆ ಈ ಪತ್ರ ಬೇರೆ ರಾಜ್ಯಕ್ಕೆ ವೀಸಾ ಇದ್ದ ಹಾಗಲ್ಲ. ನ್ಯೂಯಾರ್ಕ್‌ನಲ್ಲಿ ಬರೀ ಚೀಟಿ ಸಾಲದು, ರಾಜ್ಯದ ಮೋಟಾರು ವಾಹನ ಇಲಾಖೆಗೆ ಅರ್ಜಿ ಹಾಕಿ ಪಡೆದ ವಿನಾಯಿತಿ ಬೇಕು. ಕ್ಯಾಲಿಫೋರ್ನಿಯಾದಲ್ಲಿ ಪತ್ರ ತೋರಿಸಿದರೆ ತೆಗೆದು ಹಾಕಬಹುದಾದ ಪರದೆಗೆ ಅನುಮತಿ ಇದೆ, ಕತ್ತಲಾದ ಮೇಲೆ ಅದನ್ನು ತೆಗೆಯಬೇಕು. ಕಾಯಿಲೆ ಅದೇ, ಬಿಸಿಲೂ ಅದೇ. ಇಂಥ ವಿಷಯದಲ್ಲಾದರೂ ಎಲ್ಲ ರಾಜ್ಯಗಳೂ ಒಂದೇ ಚೀಟಿ ಒಪ್ಪಿಕೊಳ್ಳಬಹುದಿತ್ತು ಅಂತ ನನಗೆ ಸಿಟ್ಟು ಬರುತ್ತದೆ.

ನಿಮ್ಮ ವಿಷಯದಲ್ಲಿ ಇನ್ನೊಂದು ಗಮನಿಸಿ. ಚರ್ಮಕ್ಕೆ ತೊಂದರೆ ಕೊಡುವುದು ಮುಖ್ಯವಾಗಿ ಅಲ್ಟ್ರಾವಯಲೆಟ್. ಮುಂದಿನ ದೊಡ್ಡ ಗಾಜು ಎರಡು ಪದರದ್ದು, ನಡುವೆ ಪ್ಲಾಸ್ಟಿಕ್ ಇರುತ್ತದೆ, ಅದು ಬಹುಪಾಲು ತಡೆದುಬಿಡುತ್ತದೆ. ಪಕ್ಕದ ಕಿಟಕಿಯ ಸಾಮಾನ್ಯ ಗಾಜು ಯುವಿ-ಎ ಕಿರಣವನ್ನು ಸಾಕಷ್ಟು ಒಳಗೆ ಬಿಡುತ್ತದೆ. ಇದನ್ನು ತಡೆಯಲು ಕಪ್ಪು ಬಣ್ಣವೇ ಬೇಕಿಲ್ಲ, ಶೇಕಡಾ 99 ತಡೆಯುವ ತಿಳಿ ಫಿಲ್ಮ್‌ಗಳಿವೆ. ಕಣ್ಣಿಗೆ ಫಿಲ್ಮ್ ಇದೆ ಅಂತಲೇ ಗೊತ್ತಾಗುವುದಿಲ್ಲ. ನಿಮಗೆ ಕಾಣುವ ಬೆಳಕೂ ತೊಂದರೆ ಕೊಡುತ್ತದಾ ಅಂತ ಡಾಕ್ಟರ್ ಹತ್ತಿರ ಕೇಳಿ, ಇಲ್ಲ ಅಂದರೆ ತಿಳಿ ಫಿಲ್ಮ್ ವಾಸಿ. ಹೋದ ಕಡೆಯಲ್ಲೆಲ್ಲ ಪತ್ರ ತೋರಿಸುವ ತಾಪತ್ರಯ ಕಡಿಮೆಯಾಗುತ್ತದೆ.

ಪ್ರಶ್ನೆ: ಕೇರಳದಲ್ಲಿ ಸನ್ ಫಿಲ್ಮ್ ಹಾಕಬಹುದು ಅಂತ ಕೋರ್ಟೇ ಹೇಳಿದೆಯಂತೆ. ಹುಬ್ಬಳ್ಳಿಯಲ್ಲಿ ಹಾಕಿಸಿದರೆ ಫೈನ್ ಹಾಕುತ್ತಾರೆ. ನಮ್ಮಲ್ಲೂ ಅಮೆರಿಕದ ಹಾಗೆ ರಾಜ್ಯಕ್ಕೊಂದು ಕಾನೂನು ಆಯಿತಾ?

ಇಲ್ಲ ಸ್ವಾಮಿ. ನಮ್ಮಲ್ಲಿ ಕಾನೂನು ಒಂದೇ, ಅದನ್ನು ಓದುವ ರೀತಿ ಎರಡಾಗಿದೆ.

ಕೇಂದ್ರ ಮೋಟಾರು ವಾಹನ ನಿಯಮ 100 ಇಡೀ ದೇಶಕ್ಕೆ ಒಂದೇ. ಮುಂದಿನ ಮತ್ತು ಹಿಂದಿನ ಗಾಜಿಗೆ 70, ಪಕ್ಕದ ಕಿಟಕಿಗೆ 50. 2012ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟ್, ಆಗಿನ ಮುಖ್ಯ ನ್ಯಾಯಮೂರ್ತಿ ಎಸ್.ಎಚ್. ಕಪಾಡಿಯಾ ಅವರಿದ್ದ ಪೀಠ, ಅವಿಷೇಕ್ ಗೋಯೆಂಕಾ ಪ್ರಕರಣದಲ್ಲಿ ಈ ನಿಯಮ ಹೇಳುವುದು ಗಾಜಿನ ಬಗ್ಗೆ, ಅದರ ಮೇಲೆ ಎಷ್ಟೇ ತೆಳುವಾದ ಫಿಲ್ಮ್ ಆದರೂ ಅಂಟಿಸುವ ಹಾಗಿಲ್ಲ ಅಂತ ತೀರ್ಪು ಕೊಟ್ಟಿತು. ಕಾರ್ಖಾನೆಯಲ್ಲೇ ಬಣ್ಣ ಬೆರೆಸಿ ಮಾಡಿದ ಗಾಜು 70, 50ಕ್ಕಿಂತ ಕೆಳಗಿಳಿಯದಿದ್ದರೆ ಸರಿ. ಮೇ 4ರಿಂದ ಅದು ಜಾರಿಗೆ ಬಂತು. ಆ ದಿನಗಳಲ್ಲಿ ಬೆಂಗಳೂರಿನ ರಸ್ತೆ ಬದಿಯಲ್ಲಿ ನಿಂತು ಫಿಲ್ಮ್ ಕೀಳಿಸಿಕೊಂಡವರು ನಿಮ್ಮಲ್ಲೂ ಇರುತ್ತೀರಿ. ಝಡ್, ಝಡ್ ಪ್ಲಸ್ ಭದ್ರತೆ ಇರುವವರಿಗೆ ಮಾತ್ರ ವಿನಾಯಿತಿ.

2021ರ ಏಪ್ರಿಲ್ 1ರಿಂದ ಈ ನಿಯಮಕ್ಕೆ ಒಂದು ತಿದ್ದುಪಡಿ ಬಂತು. ಸುರಕ್ಷಾ ಗಾಜು ಅಂತಿದ್ದ ಕಡೆ, ಒಳಮೈಗೆ ಪ್ಲಾಸ್ಟಿಕ್ ಪದರ ಇರುವ ಗಾಜನ್ನೂ ಒಳಗೊಳ್ಳುವಂಥ ಮಾತು ಸೇರಿತು. 2024ರ ಸೆಪ್ಟೆಂಬರ್‌ನಲ್ಲಿ ಕೇರಳ ಹೈಕೋರ್ಟ್ ಇದನ್ನೇ ಹಿಡಿದು, 70 ಮತ್ತು 50ರ ಲೆಕ್ಕ ಉಳಿಸಿಕೊಂಡರೆ ಫಿಲ್ಮ್ ಇರುವುದೊಂದಕ್ಕೇ ದಂಡ ಹಾಕುವಂತಿಲ್ಲ ಅಂದಿತು. ಅಲ್ಲಿಗೂ ಕಪ್ಪು ಗಾಜಿಗೆ ಬಾಗಿಲು ತೆರೆದಿಲ್ಲ, ಇದನ್ನು ಮರೆಯಬೇಡಿ. ಪಕ್ಕದ ಕಿಟಕಿಯಲ್ಲಿ ಅರ್ಧ ಬೆಳಕು ಹಾಯಲೇಬೇಕು. ಮೇಲೆ ಹೇಳಿದ ಗುಣಾಕಾರ ಇಲ್ಲೂ ಉಂಟು: 75ರ ಗಾಜಿಗೆ 50ರ ಫಿಲ್ಮ್ ಹಾಕಿದರೆ 37ಕ್ಕೆ ಇಳಿಯುತ್ತದೆ, ಕೇರಳದಲ್ಲೂ ತಪ್ಪು.

ಕೇರಳ ಹೈಕೋರ್ಟಿನ ಮಾತಿಗೆ ಬೇರೆ ಕಡೆಯೂ ತೂಕ ಇದೆ, ಆದರೆ ಅದು ಹುಬ್ಬಳ್ಳಿಯ ಟ್ರಾಫಿಕ್ ಪೊಲೀಸರ ಕೈ ಕಟ್ಟುವುದಿಲ್ಲ. ಅವರು 2012ರ ತೀರ್ಪು ಹಿಡಿದು ದಂಡ ಹಾಕಿದರೆ ನೀವು ರಸ್ತೆಯಲ್ಲಿ ನಿಂತು ತಿದ್ದುಪಡಿ ಓದಿ ಹೇಳಿ ಗೆಲ್ಲುವುದಿಲ್ಲ. ಮೋಟಾರು ವಾಹನ ಕಾಯ್ದೆಯ 177ನೇ ಕಲಮಿನಲ್ಲಿ ಮೊದಲ ಸಲಕ್ಕೆ 500 ರೂಪಾಯಿ, ಆಮೇಲೆ 1,500 ರೂಪಾಯಿವರೆಗೆ. ಕೋರ್ಟಿಗೆ ಹೋಗಿ ವಾದ ಮಾಡುವ ಉತ್ಸಾಹ ಇದ್ದರೆ ಫಿಲ್ಮಿನ ಬಿಲ್ ಮತ್ತು ಅಳತೆಯ ಸರ್ಟಿಫಿಕೇಟ್ ಇಟ್ಟುಕೊಂಡು ಹೋರಾಡಿ. ಇಲ್ಲದಿದ್ದರೆ ಸದ್ಯಕ್ಕೆ ಹಾಕಿಸಬೇಡಿ. ಫಿಲ್ಮ್ ಮಾರುವವನು "ಕೇರಳ ಹೈಕೋರ್ಟ್ ಆರ್ಡರ್ ಇದೆ ಸರ್" ಅಂತ ಜೆರಾಕ್ಸ್ ಕೊಟ್ಟರೆ, ದಂಡ ಬಿದ್ದರೆ ನೀನೇ ಕಟ್ಟುತ್ತೀಯಾ ಅಂತ ಕೇಳಿ ನೋಡಿ.

ಪ್ರಶ್ನೆ: ಫ್ರೀಮಾಂಟ್‌ನಲ್ಲಿದ್ದೇನೆ. ಹಿಂದಿನ ಗಾಜಿಗೆ ದೊಡ್ಡದಾಗಿ ಕರ್ನಾಟಕ ನಕ್ಷೆಯ ಸ್ಟಿಕರ್ ಹಾಕುವ ಆಸೆ, ಕನ್ನಡಿಗೆ ಪುಟ್ಟ ಗಣಪತಿ ನೇತುಹಾಕುವುದೂ ಇದೆ. ಇದಕ್ಕೂ ಕಾನೂನು ಉಂಟಾ?

ಉಂಟು. ಕ್ಯಾಲಿಫೋರ್ನಿಯಾದಲ್ಲಿ ಹಿಂದಿನ ಗಾಜಿನ ಮೇಲೆ ಸ್ಟಿಕರ್‌ಗೆ ಬಿಟ್ಟಿರುವ ಜಾಗ ಡ್ರೈವರ್‌ನಿಂದ ದೂರದ ಕೆಳಮೂಲೆ, ಏಳು ಇಂಚಿನ ಚೌಕ. ಕರ್ನಾಟಕ ಉದ್ದಕ್ಕಿದೆ, ಬೀದರ್‌ನಿಂದ ಚಾಮರಾಜನಗರದವರೆಗೆ ಏಳು ಇಂಚಿನಲ್ಲಿ ಕೂರಿಸಿ. ಅದಕ್ಕಿಂತ ದೊಡ್ಡದು ಬೇಕಾದರೆ ಗಾಜು ಬಿಟ್ಟು ಬಂಪರ್ ಮೇಲೆ ಹಾಕಿ, ಅಲ್ಲಿ ಅಡ್ಡಿ ಇಲ್ಲ. ಗಣಪತಿ ಕನ್ನಡಿಗೆ ನೇತಾಡಿದರೆ ಡ್ರೈವರ್ ಕಣ್ಣಿಗೆ ಅಡ್ಡ ಅಂತ ನಿಲ್ಲಿಸಲು ಒಂದು ನೆಪ ಸಿಗುತ್ತದೆ. ಡ್ಯಾಶ್‌ಬೋರ್ಡಿನ ಮೂಲೆಯಲ್ಲಿ ಡಬಲ್ ಸೈಡ್ ಟೇಪ್ ಹಾಕಿ ಕೂರಿಸಿ, ಏರ್‌ಬ್ಯಾಗ್ ಇರುವ ಜಾಗ ಮಾತ್ರ ಬಿಡಿ.